ಗುಡ್ಡದ ಕಾಲೇಜಿನ ಹತ್ತು ವರ್ಷ

ಮೊರೀನ್ ಹುಡಾಕಳ ಬಲಗೈ ಮಣಿಕಟ್ಟು ಬೆಳಿಗ್ಗೆ ಐದಕ್ಕೇ ಎಚ್ಚರಗೊಳ್ಳುತ್ತಿತ್ತು. ಉಳಿದ ಮೈ ಏಳುವುದು ಆಮೇಲೆ. ಹಾಸಿಗೆಯ ಅಂಚಿನಲ್ಲಿ ಕೂತು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಪಟ್ಟಿ ಬಿಗಿದುಕೊಂಡು, ಗೊರಕೆ ಹೊಡೆಯುವ ಗಂಡನ ಕಾಲಿಗೆ ಹೊದಿಕೆ ಎಳೆದು ಅವಳು ಕೆಳಗಿಳಿಯುತ್ತಿದ್ದಳು. ಆರಕ್ಕೆ ಗುಡ್ಡದ ಮೇಲಿನ ಸೇಂಟ್ ಓಡೀಲಿಯಾ ಕಾಲೇಜಿನ ಊಟದ ಮನೆಯಲ್ಲಿ ಮೊಟ್ಟೆ ಒಡೆಯಲು ನಿಲ್ಲಬೇಕು. ನಾನೂರು ಹುಡುಗ ಹುಡುಗಿಯರಿಗೆ ತಿಂಡಿ, ಆಮೇಲೆ ಊಟ, ಆಮೇಲೆ ಅವರು ಅರ್ಧ ತಿಂದು ಬಿಟ್ಟ ತಟ್ಟೆಗಳು. ಒಂಬತ್ತೂವರೆ ವರ್ಷದಿಂದ ಇದೇ ಪಾಡು.

ಸಂಬಳ ಅಷ್ಟಕ್ಕಷ್ಟೆ. ಆದರೆ ಆ ಕಾಲೇಜಿನಲ್ಲಿ ಒಂದು ಹಳೇ ಕಟ್ಟಳೆ ಇತ್ತು. ಕಸ ಗುಡಿಸುವವರಿಂದ ಹಿಡಿದು ಪ್ರೊಫೆಸರರವರೆಗೆ ಯಾರೇ ಆಗಲಿ, ಹತ್ತು ವರ್ಷ ದುಡಿದರೆ ಅವರ ಮಕ್ಕಳಿಗೆ ಅಲ್ಲಿ ನಾಲ್ಕು ವರ್ಷದ ಓದು ಪುಕ್ಕಟೆ. ಮಗಳು ಡಾರಿಯಾ ಮೂರನೇ ಕ್ಲಾಸಿನಲ್ಲಿದ್ದಾಗ ಮೊರೀನ್ ಈ ಕಟ್ಟಳೆ ಕೇಳಿಸಿಕೊಂಡು, ಮರುದಿನವೇ ಅಲ್ಲಿ ಏಪ್ರನ್ ಕಟ್ಟಿದ್ದಳು. ಬರುವ ಆಗಸ್ಟ್ ಹದಿನೆಂಟಕ್ಕೆ ಹತ್ತು ತುಂಬುತ್ತಿತ್ತು. ಮಗಳ ಮೊದಲ ಕ್ಲಾಸು ಇಪ್ಪತ್ತೈದಕ್ಕೆ. ನಡುವೆ ಇದ್ದದ್ದು ಒಂದೇ ವಾರ.

ಎರಡು ವರ್ಷದ ಹಿಂದೆ ಡಾಕ್ಟರು ಮಣಿಕಟ್ಟಿಗೆ ಆಪರೇಷನ್ ಆಗಲೇಬೇಕು, ಆರು ವಾರ ಕೈ ಆಡಿಸಕೂಡದು ಎಂದಿದ್ದರು. ಸಂಬಳವಿಲ್ಲದ ರಜೆಯ ದಿನ ಸೇವೆಗೆ ಸೇರುವುದಿಲ್ಲ ಎಂದು ಕಾಲೇಜಿನ ಆಫೀಸು ಹೇಳಿತು. ಆರು ವಾರ ಹಿಂದೆ ಬಿದ್ದರೆ ಹತ್ತು ತುಂಬುವುದು ಸೆಪ್ಟೆಂಬರ್ ಕೊನೆಗೆ; ಅಷ್ಟು ಹೊತ್ತಿಗೆ ಕಾಲೇಜು ಶುರುವಾಗಿ ತಿಂಗಳಾಗಿರುತ್ತದೆ. ಮೊರೀನ್ ಔಷಧದಂಗಡಿಗೆ ಹೋಗಿ ಗಟ್ಟಿ ಪಟ್ಟಿಯೊಂದನ್ನು ಕೊಂಡುಕೊಂಡಳು. ಆಸ್ಪತ್ರೆಯ ಅಡುಗೆಮನೆಯಲ್ಲಿ ಮೇಲ್ವಿಚಾರಕಿಯ ಕೆಲಸ ತಾನಾಗಿ ಬಾಗಿಲಿಗೆ ಬಂದಾಗಲೂ ಬೇಡವೆಂದಳು. ಹಲ್ಲು ಕಚ್ಚಿಕೊಂಡು ದುಡಿಯುವುದು ಎಂದರೆ ಏನೆಂದು ಆ ಮನೆಯಲ್ಲಿ ಅವಳನ್ನು ನೋಡಿ ಕಲಿಯಬೇಕಿತ್ತು. ಯಾರೂ ಕಲಿಯಲಿಲ್ಲ, ಆ ಮಾತು ಬೇರೆ.

ಮನೆಯಲ್ಲಿ ನಾಲ್ಕೇ ಜನ. ಗಂಡ ಲೆನ್ ಹೆದ್ದಾರಿ ಪಕ್ಕದ ಉಗ್ರಾಣದಲ್ಲಿ ಸರಕು ಎತ್ತುವ ಗಾಡಿ ಓಡಿಸುತ್ತಿದ್ದ. ಮಗಳು ಡಾರಿಯಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಳು. ಲೆನ್‌ನ ತಾಯಿ ವೆರೋನಿಕಾಳನ್ನು ಮನೆಮಂದಿಯೆಲ್ಲ ಕರೆಯುವುದು ಬಾಬಾ ಎಂದು. ಸ್ಲೊವಾಕ್ ಮನೆಗಳಲ್ಲಿ ಅಜ್ಜಿಗೆ ಅದೇ ಹೆಸರು. ಮೊರೀನ್ ಮಾತ್ರ ಐರಿಷ್ ಮನೆಯಿಂದ ಬಂದವಳು. ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ಅವಳ ಅಡುಗೆಗೆ ಬಾಬಾ ಮೂಗು ಮುರಿಯುವುದನ್ನು ಬಿಟ್ಟಿರಲಿಲ್ಲ.

ಈಸ್ಟರಿಗೆ ಮುಂಚಿನ ನಲವತ್ತು ದಿನದ ತಪಸ್ಸು ಕಾಲ ಶುರುವಾದ ವಾರ, ರಾತ್ರಿಯೂಟದ ಮೇಜಿನ ತುಂಬ ಕಾಲೇಜುಗಳ ಬಣ್ಣದ ಪುಸ್ತಿಕೆಗಳು ಬಿದ್ದಿದ್ದವು. ಬಾಬಾ ಅವನ್ನು ಮೊಣಕೈಯಲ್ಲಿ ಸರಿಸಿ ತನ್ನ ಸೂಪಿನ ಬಟ್ಟಲಿಗೆ ಜಾಗ ಮಾಡಿಕೊಂಡಳು.

"ಪೆನ್ಸಿಲ್ವೇನಿಯಾ ಒಂದಕ್ಕೇ ಇಷ್ಟೊಂದು ಕಾಲೇಜಾ? ನಮ್ಮ ಕಾಲದಲ್ಲಿ ಇದ್ದಿದ್ದು ಎರಡೇ. ಗಂಡಸರಿಗೆ ಗಣಿ, ಹೆಂಗಸರಿಗೆ ಬಟ್ಟೆ ಫ್ಯಾಕ್ಟರಿ. ಅರ್ಜಿ ಗಿರ್ಜಿ ಏನೂ ಇರ್ಲಿಲ್ಲ."

"ಫೀಸೂ ಇರ್ಲಿಲ್ಲ," ಎಂದ ಲೆನ್.

"ಇತ್ತಪ್ಪ. ನಿಮ್ಮಪ್ಪ ಕಟ್ಟಿದ. ಕೆಮ್ಮಿ ಕೆಮ್ಮಿ ಕಟ್ಟಿದ."

ಡಾರಿಯಾ ಪುಸ್ತಿಕೆಗಳನ್ನು ಒಂದರ ಪಕ್ಕ ಒಂದಿಟ್ಟಳು. "ಬ್ಲೂಮ್ಸ್‌ಬರ್ಗ್ ಹತ್ತಿರ. ರಾಜ್ಯ ಯೂನಿವರ್ಸಿಟಿಯ ಹೇಜಲ್ಟನ್ ಶಾಖೆಗೆ ಸೇರಿದ್ರೆ ಎರಡು ವರ್ಷ ಮನೆಯಿಂದ ಓಡಾಡಿ, ಆಮೇಲೆ ದೊಡ್ಡ ಕ್ಯಾಂಪಸ್ಸಿಗೆ ಹೋಗ್ಬಹುದು. ಆದ್ರೆ ಪಿಟ್ಸ್‌ಬರ್ಗಲ್ಲಿ ಗಣಿ ನೀರು ಶುದ್ಧ ಮಾಡೋದನ್ನೇ ಓದಿಸ್ತಾರೆ ಅಮ್ಮ. ನಮ್ಮ ಹಳ್ಳ ಯಾಕೆ ಕಿತ್ತಳೆ ಬಣ್ಣಕ್ಕೆ ಹರಿಯತ್ತೆ, ಅದನ್ನ ಹೇಗೆ ಸರಿ ಮಾಡೋದು ಅಂತ."

"ಹಳೇ ಗಣಿಯಿಂದ ತುಕ್ಕು ನೀರು ಬರತ್ತೆ, ಅದಕ್ಕೆ ಕಿತ್ತಳೆ. ನೋಡು, ಪುಕ್ಕಟೆ ಹೇಳ್ಕೊಟ್ಟೆ," ಎಂದಳು ಮೊರೀನ್.

"ಅಮ್ಮ!"

"ಓಡೀಲಿಯಾದಲ್ಲಿ ನರ್ಸಿಂಗ್ ಇದೆ, ಟೀಚರ್ ಓದು ಇದೆ, ಅಕೌಂಟಿಂಗ್ ಇದೆ. ಇನ್ನೇನು ಬೇಕು?"

"ನೀರು ಇಲ್ಲ."

"ನಲ್ಲೀಲಿ ಬರತ್ತೆ."

ಲೆನ್ ನಕ್ಕ. ಡಾರಿಯಾ ನಗಲಿಲ್ಲ. ಮೊರೀನ್ ಪಟ್ಟಿ ಕಟ್ಟಿದ ಕೈಯನ್ನು ಮೇಜಿನ ಮೇಲಿಟ್ಟು ಹೇಳಿದಳು: "ಅರ್ಜಿ ಹಾಕಿದ್ದೀಯ, ಹಾಕಿರು. ಬೇಡ ಅನ್ನಲ್ಲ. ಆದ್ರೆ ನೀನು ಐದು ಗಂಟೆ ದೂರ ಹೋಗಿ ಕೂತ್ರೆ, ನಾನು ಹತ್ತು ವರ್ಷ ಯಾರಿಗೋಸ್ಕರ ತಟ್ಟೆ ತೊಳೆದ ಹಾಗಾಯ್ತು? ಅದೊಂದು ಹೇಳು."

ಮಗಳು ಅಪ್ಪನ ಮುಖ ನೋಡಿದಳು. ಅಪ್ಪ ಸಾಸಿವೆ ಡಬ್ಬಿಯ ಮೇಲಿನ ಅಕ್ಷರ ಓದತೊಡಗಿದ. ಆಗ ಮೊರೀನಳಿಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಮಾರ್ಚಿನ ಎರಡನೇ ಮಂಗಳವಾರ ಅವಳು ಕೆಲಸ ಮುಗಿಸಿ ಬಂದಾಗ ಡಾರಿಯಾ ಅಡುಗೆಮನೆಯಲ್ಲಿ ಒಬ್ಬಳೇ ಕೂತಿದ್ದಳು. ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ್ದಳು.

"ಪಿಟ್ಸ್‌ಬರ್ಗಿಂದ ಉತ್ತರ ಬಂತು."

"ಏನಂತೆ?"

"ಇಲ್ಲ ಅಂದ್ರು," ಎಂದವಳೇ ಅಳತೊಡಗಿದಳು.

ಮುಚ್ಚಿಡುವುದೇಕೆ, ಮೊದಲು ಮೊರೀನಳಿಗೆ ಎದೆಯಲ್ಲಿ ಸಣ್ಣ ಖುಷಿಯೊಂದು ಚಿಗಿಯಿತು. ಮರುಕ್ಷಣ ಅದಕ್ಕೆ ನಾಚಿಕೆಯಾಯಿತು. ಇಂಥ ಜಾಣೆಯನ್ನು ಬೇಡ ಎನ್ನಲು ಅವರಿಗೇನು ಕಣ್ಣು ಕುರುಡೇ ಎಂದು ಸಿಟ್ಟೂ ಬಂತು. ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತಳು. ಅಂಗಿ ಒದ್ದೆಯಾಗುವಷ್ಟು ಅತ್ತಳು ಹುಡುಗಿ.

"ಹೋಗ್ಲಿ ಬಿಡು ಪುಟ್ಟಾ. ಅವರಿಗೇ ನಷ್ಟ. ನಿನ್ನಂಥವಳು ಸಿಗ್ಬೇಕಲ್ಲ ಅವರಿಗೆ."

ಅವತ್ತು ಮೊರೀನ್ ಹಲುಶ್ಕಿ ಮಾಡಿದಳು. ಎಲೆಕೋಸು, ಈರುಳ್ಳಿ ಹೆಚ್ಚಿ, ಬೆಣ್ಣೆಯಲ್ಲಿ ಕಂದು ಬಣ್ಣ ಬರುವವರೆಗೆ ಹುರಿದು, ಅಗಲ ಶಾವಿಗೆ ಬೆರೆಸಬೇಕು. ಡಾರಿಯಾಳಿಗೆ ಚಿಕ್ಕಂದಿನಿಂದ ಅದೆಂದರೆ ಪ್ರಾಣ. ಎರಡು ಎಲೆಕೋಸು ಹೆಚ್ಚುವಷ್ಟರಲ್ಲಿ ಮಣಿಕಟ್ಟು ಬೆಂಕಿಯಾಗಿತ್ತು. ಕೊನೆಗೆ ಎಡಗೈಯಲ್ಲಿ ಹೆಚ್ಚಿದಳು. ಲೆನ್ ಎರಡು ಸಲ ಬಡಿಸಿಕೊಂಡ. ಡಾರಿಯಾ ತಲೆ ಎತ್ತದೆ ತಿಂದಳು. ಬಾಬಾ ಮೊದಲ ತುತ್ತು ಬಾಯಿಗಿಟ್ಟು, "ಉಪ್ಪು ಹದವಾಗಿದೆ," ಎಂದಳು.

ಇಪ್ಪತ್ತೆರಡು ವರ್ಷದಲ್ಲಿ ಅತ್ತೆಯ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಮನೆಯ ದುಃಖದಲ್ಲಿ ಮುದುಕಿಯ ಮನಸ್ಸೂ ಮೆತ್ತಗಾಗಿದೆ ಎಂದುಕೊಂಡಳು ಮೊರೀನ್.

ಆಮೇಲಿನ ನಾಲ್ಕು ವಾರ ಅವಳ ಪಾಲಿಗೆ ಸುಖದವು. ಸಿಬ್ಬಂದಿ ಮಕ್ಕಳ ಪುಕ್ಕಟೆ ಓದಿನ ಅರ್ಜಿ ತುಂಬಿ ಆಫೀಸಿಗೆ ಕೊಟ್ಟಳು. ಅಲ್ಲಿನ ಗುಮಾಸ್ತೆ ಬೆವರ್ಲಿ ಠಸ್ಸೆ ಒತ್ತಿ, "ಅಂತೂ ಗೆದ್ದೆ ಕಣೆ," ಎಂದು ಕೈ ಕುಲುಕಿದಾಗ ಆ ಕೈಯ ನೋವೂ ಸಿಹಿಯಾಗಿತ್ತು. ಕಾಲೇಜಿನ ಹೆಸರು ಬರೆದ, ಹಿಂದೆ ಟೋಪಿ ಹೊಲಿದ ನೀಲಿ ಅಂಗಿ ತಂದಳು. ಡಾರಿಯಾ ಒಂದು ಸಲ ಹಾಕಿಕೊಂಡು, ಕುತ್ತಿಗೆ ಹತ್ತಿರ ಚುಚ್ಚುತ್ತದೆ ಎಂದು ತೆಗೆದಿಟ್ಟಳು.

ಬಾಬಾ ಕೂಡ ಬದಲಾದ ಹಾಗಿತ್ತು. ತಪಸ್ಸು ಕಾಲದಲ್ಲಿ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಗುರುವಾರ ಪಿರೋಗಿ ಮಾಡಿ ಶುಕ್ರವಾರ ಮಾರುತ್ತಾರೆ. ಆಲೂಗಡ್ಡೆ, ಚೀಸ್ ಹೂರಣ ತುಂಬಿ ನಮ್ಮ ಕಡುಬಿನ ಹಾಗೆ ಅಂಚು ಒತ್ತಿ ಬೇಯಿಸುವ ತಿಂಡಿ. ಪ್ರತಿ ವರ್ಷ ಕೆಲಸ ಮುಗಿಸಿ ಬಂದು ಕೈ ಸೇರಿಸದಿದ್ದರೆ ಮಾತಿನ ಚುಚ್ಚು ಖಾತ್ರಿ. ಈ ವರ್ಷ ಬಾಬಾ ತಾನಾಗಿ ಹೇಳಿದಳು: "ನೀನು ಬರೋದು ಬೇಡ ಮೊರೀನ್. ಕೈ ನೋಡ್ಕೋ." ಚರ್ಚಿನ ವಾರಪತ್ರಿಕೆಯನ್ನು ಭಾನುವಾರ ತಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಿದ್ದವಳು ಅದನ್ನೂ ಈಚೆಗೆ ಮರೆಯುತ್ತಿದ್ದಳು. ವಯಸ್ಸಾಯಿತು, ಪಾಪ, ಎಂದುಕೊಂಡಳು ಸೊಸೆ. ಭಾನುವಾರವೂ ಕೆಲಸವಿದ್ದ ಅವಳು ಚರ್ಚಿನ ಮುಖ ನೋಡಿ ಬಹಳ ದಿನವಾಗಿತ್ತು.

ಈಸ್ಟರಿನ ಹಿಂದಿನ ವಾರದ ಗರಿಗಳ ಭಾನುವಾರಕ್ಕೆ ಮೂರು ದಿನವಿರುವಾಗ, ನೆಲಮಾಳಿಗೆಯ ಕೆಲಸ ನೋಡಿಕೊಳ್ಳುವ ಡೊಲೊರೆಸ್ ವಾರ್ಗೊ ಮೊರೀನಳಿಗೆ ಫೋನ್ ಮಾಡಿದಳು. "ಐದು ಜನ ಜ್ವರ ಅಂತ ಮಲಗಿದ್ದಾರೆ. ಇನ್ನೂರು ಡಜನ್ ಆರ್ಡರ್ ಇದೆ. ಒಂದು ಗಂಟೆ ಬಂದು ಹೋಗೇ, ಪುಣ್ಯ ಬರತ್ತೆ."

ಕಾಲೇಜಿನಿಂದ ನೇರ ಅಲ್ಲಿಗೇ ಹೋದಳು. ಮೆಟ್ಟಿಲಿಳಿಯುವಾಗಲೇ ಬೆಣ್ಣೆ, ಈರುಳ್ಳಿಯ ಘಮ. ಆ ತುದಿಯಲ್ಲಿ ಹಿಟ್ಟು ಲಟ್ಟಿಸುತ್ತಿದ್ದ ಬಾಬಾ ಸೊಸೆಯನ್ನು ಕಂಡದ್ದೇ ಲಟ್ಟಣಿಗೆ ಹಿಡಿದ ಕೈ ನಿಲ್ಲಿಸಿದಳು.

"ನಿನ್ನ ಕೈ?" ಎಂದು ಅಲ್ಲಿಂದಲೇ ಕೂಗಿದಳು.

"ಇದ್ದಲ್ಲೇ ಇದೆ ಬಾಬಾ."

"ಬಾ ಬಾ, ಇಲ್ಲಿ ಕೂತ್ಕೋ," ಎಂದಳು ಡೊಲೊರೆಸ್. "ಐರಿಷ್ ಕೈಯಾದ್ರೂ ಪರವಾಗಿಲ್ಲ, ಇವತ್ತು ಕೈ ಅಂತ ಇದ್ರೆ ಸಾಕು."

ಹೆಂಗಸರು ನಕ್ಕರು. ಮೊರೀನಳೂ ನಕ್ಕು ಅಂಚು ಒತ್ತತೊಡಗಿದಳು. ಅರ್ಧ ತಟ್ಟೆ ತುಂಬಿರಬಹುದು, ಡೊಲೊರೆಸ್ ನಿಟ್ಟುಸಿರು ಬಿಟ್ಟಳು. "ಬೆಳಿಗ್ಗೆ ನೀನಿರ್ಬೇಕಿತ್ತು ಕಣೆ. ಪೂಜೆ ಎಷ್ಟು ಚೆನ್ನಾಗಾಯ್ತು ಅಂತೀಯ! ವೆರೋನಿಕಾ ಅಂತೂ ಅತ್ತೇಬಿಟ್ಲು. ಕೆಲಸ ಇತ್ತಂತಲ್ಲ ನಿನಗೆ."

"ಯಾವ ಪೂಜೆ?"

"ಯಾವುದು ಅಂದ್ರೆ? ನಿನ್ನ ಮಗಳ ಹೆಸರಲ್ಲಿ ಹೇಳಿಸಿದ್ದು. ಅಷ್ಟು ದೂರ ಹೋಗ್ತಾಳಲ್ಲ ಮಗು, ಅದಕ್ಕೇ." ಡೊಲೊರೆಸ್ ತಟ್ಟೆಯ ಕೆಳಗೆ ಹಾಸಿದ್ದ ವಾರಪತ್ರಿಕೆಯನ್ನು ಎಳೆದು, ಹಿಟ್ಟು ಒರೆಸಿ ಮುಂದಿಟ್ಟಳು. "ಇಲ್ನೋಡು."

ವಾರದ ಪೂಜೆಗಳ ಪಟ್ಟಿಯಲ್ಲಿ ತೀರಿಹೋದವರ ಹೆಸರುಗಳ ನಡುವೆ ಅದು ಇತ್ತು. 'ಗುರುವಾರ ಬೆಳಿಗ್ಗೆ ಎಂಟಕ್ಕೆ, ಪಿಟ್ಸ್‌ಬರ್ಗಿನ ವಿಶ್ವವಿದ್ಯಾಲಯ ಸೇರಲಿರುವ ಡಾರಿಯಾ ಹುಡಾಕಳ ಶುಭಕ್ಕಾಗಿ. ಹೇಳಿಸಿದವರು ತಂದೆ ಮತ್ತು ಅಜ್ಜಿ.'

ಮೊರೀನ್ ಎರಡು ಸಲ ಓದಿದಳು. ತಂದೆ ಮತ್ತು ಅಜ್ಜಿ. ಆ ಹುಡುಗಿಯ ತಾಯಿ ಸತ್ತಿದ್ದಾಳೆಂದು ತಿಳಿಯದವರು ತಿಳಿಯಬೇಕು, ಹಾಗಿತ್ತು ಅಚ್ಚು.

"ಬಾಬಾ," ಎಂದು ಕೂತಲ್ಲಿಂದಲೇ ಕೇಳಿದಳು, "ಇದು ಅಚ್ಚಿನ ತಪ್ಪಾ?"

ಇಪ್ಪತ್ತು ಹೆಂಗಸರು ಒಟ್ಟಿಗೆ ತಿರುಗಿ ನೋಡಿದರು. ಬಾಬಾ ಹಿಟ್ಟಿನ ಕೈಯನ್ನು ಏಪ್ರನ್‌ಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

"ಮನೇಲಿ ಮಾತಾಡೋಣ."

"ಇಡೀ ಚರ್ಚಿಗೆ ಗೊತ್ತು. ಮನೇಲಿ ಏನು ಮಾತಾಡೋದು?"

ಮೊರೀನ್ ಉಳಿದ ಅರ್ಧ ತಟ್ಟೆಯನ್ನೂ ಒತ್ತಿ ಮುಗಿಸಿದಳು. ಹಿಡಿದ ಕೆಲಸ ಬಿಟ್ಟು ಏಳುವ ಜಾತಿಯಲ್ಲ ಅವಳು. ಆಮೇಲೆ ಕೋಟು ಹಾಕಿಕೊಂಡು, ಅತ್ತೆಗಾಗಿ ಕಾಯದೆ ಹೊರಟಳು.

ಬಾಬಾಳನ್ನು ಯಾರೋ ಕಾರಿನಲ್ಲಿ ತಂದು ಬಿಡುವಷ್ಟರಲ್ಲಿ ಮನೆಯಲ್ಲಿ ಜಗಳ ಅರ್ಧ ದಾರಿ ಬಂದಿತ್ತು. ಲೆನ್ ಉಗ್ರಾಣದ ಬೂಟು ಬಿಚ್ಚದೆಯೇ ಅಡುಗೆಮನೆಯಲ್ಲಿ ನಿಂತಿದ್ದ. ಡಾರಿಯಾ ಮೆಟ್ಟಿಲ ಮೇಲೆ ಕೂತಿದ್ದಳು.

"ಮೇ ಒಂದು ದಾಟಿದ ಮೇಲೆ ಹೇಳೋಣ ಅಂತಿದ್ದೆ," ಎಂದ ಲೆನ್.

"ಮೇ ಒಂದಕ್ಕೆ ಏನಿದೆ?"

"ಸೀಟು ಖಾತ್ರಿ ಮಾಡೋಕೆ ಕೊನೇ ದಿನ."

"ಅಂದ್ರೆ ನಾನು ಏನೂ ಮಾಡೋಕಾಗದೆ ಇರೋ ದಿನ ನೋಡ್ಕೊಂಡು ಹೇಳೋರಿದ್ರಿ."

"ಹಾಗಲ್ಲ..."

"ಮತ್ತೆ ಹೇಗೆ? ಹೇಳು, ಹೇಗೆ? ಅವರು ಬೇಡ ಅಂದ್ರು ಅಂತ ಇವಳು ಅತ್ತಾಗ ನೀನು ಎದುರಿಗೆ ಕೂತು ಎರಡು ತಟ್ಟೆ ತಿಂದೆಯಲ್ಲೋ. ಗಂಟಲಲ್ಲಿ ಇಳೀತಾ?"

ಲೆನ್ ಬಾಗಿ ಬೂಟಿನ ದಾರ ಬಿಚ್ಚತೊಡಗಿದ. ಕಷ್ಟ ಬಂದಾಗ ಅವನಿಗೆ ಯಾವಾಗಲೂ ಬೂಟು ನೆನಪಾಗುತ್ತದೆ. ಅಷ್ಟರಲ್ಲಿ ಬಾಬಾ ಒಳಗೆ ಬಂದು, ಕೋಟು ಸಮೇತ ಕುರ್ಚಿಯಲ್ಲಿ ಕೂತಳು.

"ಅವನನ್ನ ಯಾಕೆ ಬೈತೀಯ? ಫೀಸು ನಾನು ಕೊಡೋಳು. ಕಲ್ಲಿದ್ದಲು ಧೂಳಿಗೆ ನನ್ನ ಗಂಡನ ಎದೆ ಕಪ್ಪಾಗಿದ್ದಕ್ಕೆ ಸರ್ಕಾರ ಕೊಟ್ಟ ದುಡ್ಡು, ಒಂದು ಕಾಸು ಮುಟ್ಟಿಲ್ಲ ನಾನು. ಗಣಿ ಅವನನ್ನ ತಿಂತು. ಆ ಗಣಿ ನೀರು ತೊಳೀತೀನಿ ಅಂತ ಮೊಮ್ಮಗಳು ಅಂದ್ರೆ, ಕೊಡ್ದೆ ಇರ್ಲಾ? ತಪ್ಪಾ ಅದು?"

"ತಪ್ಪಲ್ಲ."

ಬಾಬಾ ಜಗಳಕ್ಕೆ ಸಿದ್ಧಳಾಗಿ ಬಂದಿದ್ದಳು. ಈಗ ಕೋಟಿನ ಗುಂಡಿ ಬಿಚ್ಚತೊಡಗಿದಳು.

"ತಪ್ಪಲ್ಲ ಬಾಬಾ," ಎಂದಳು ಮೊರೀನ್ ಮತ್ತೆ. "ನನಗೆ ಹೇಳ್ಬಹುದಿತ್ತು."

"ಹೇಳಿದ್ರೆ ನೀನು ಒಪ್ತಿದ್ದೆಯಾ?"

"ಒಪ್ತಿದ್ನೋ ಇಲ್ವೋ, ಕಿರುಚಾಡ್ತಿದ್ನೋ, ಅದು ನಾನು ಹೇಳೋ ಮಾತು. ನೀವು ಮೂರು ಜನ ಕೂತ್ಕೊಂಡು ನನ್ನ ಮಾತನ್ನೂ ನೀವೇ ಆಡಿ ಮುಗಿಸಿದ್ರಿ. ಚರ್ಚಲ್ಲಿ ಅಚ್ಚು ಹಾಕ್ಸೋಕೆ ಮಾತ್ರ ಧೈರ್ಯ ಬಂತಾ ನಿಮಗೆ?"

"ನಿನ್ನಿಂದ ಮುಚ್ಚಿಟ್ಟೆ, ನಿಜ. ದೇವರಿಂದ ಹೇಗೆ ಮುಚ್ಚಿಡ್ಲಿ? ಪೂಜೆ ಹೇಳಿಸ್ದೆ ಮಗೂನ ಕಳಿಸೋಕಾಗತ್ತಾ? ಪಾದ್ರಿಗೆ ಬಾಯಲ್ಲಿ ಹೇಳಿದ್ದು, ಆ ಆಫೀಸಿನ ಹುಡುಗಿ ಅಚ್ಚು ಹಾಕಿಬಿಟ್ಲು."

ಬೇರೆ ದಿನವಾಗಿದ್ದರೆ ಮೊರೀನ್ ಇದಕ್ಕೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅವಳು ಮೆಟ್ಟಿಲ ಕಡೆ ತಿರುಗಿದಳು.

"ನೀನು ಹೇಳು. ಅವರಿಬ್ಬರ ಮಾತು ಬಿಡು. ನೀನು."

ಡಾರಿಯಾಳ ದನಿ ಸಣ್ಣದಾಗಿತ್ತು. "ನಾಲ್ಕು ಸಲ ಹೇಳೋಕೆ ಬಂದೆ ಅಮ್ಮ. ಪ್ರತಿ ಸಲ ನೀನು ಆ ಕೈ ಮೇಜಿನ ಮೇಲೆ ಇಡ್ತೀಯ. ನಾನು ಬಾಯಿ ಬಿಡೋ ಮುಂಚೆ ಆ ಕೈ ಮಾತಾಡತ್ತೆ. ಓಡೀಲಿಯಾದಲ್ಲಿ ನಾಲ್ಕು ವರ್ಷ ಪ್ರತಿ ತುತ್ತಿಗೂ ಆ ಕೈ ನೋಡ್ಕೊಂಡು ಹೇಗೆ ಉಣ್ಲಿ ನಾನು?"

ಇದು ಚುಚ್ಚಿತು. ನಿಜವಿದ್ದುದರಿಂದ ಇನ್ನೂ ಆಳಕ್ಕೆ ಚುಚ್ಚಿತು. ಮೊರೀನ್ ಬಲಗೈಯನ್ನು ಏಪ್ರನ್ ಜೇಬಿಗೆ ಇಳಿಸಿದಳು.

"ಸರಿ. ಕೈ ತಪ್ಪು ಮಾಡ್ತು. ಅವತ್ತು ಅತ್ತೆಯಲ್ಲ, ಅದು?"

"ಅದು ನಾಟಕ ಅಲ್ಲ. ನಿನಗೆ ಸುಳ್ಳು ಹೇಳಿದ್ನಲ್ಲ ಅಂತ ಅಳು ಬಂತು."

"ನಾನು ಸಮಾಧಾನ ಮಾಡಿದ್ನಲ್ಲ?"

"ಹೂಂ. ಅದಕ್ಕೇ ಇನ್ನೂ ಜಾಸ್ತಿ ಬಂತು."

ಮೊರೀನ್ ಮೇಲಕ್ಕೆ ಹೋದಳು. ಹೊರಗಿನವರು ಮೋಸ ಮಾಡಿದರೆ ಬೈದು ಬಾಗಿಲು ಹಾಕಿಕೊಳ್ಳಬಹುದು. ನಂಬಿಸಿ ಕತ್ತು ಕೊಯ್ದವರು ಒಂದೇ ಸೂರಿನ ಕೆಳಗಿದ್ದರೆ, ಅವರ ಬಟ್ಟೆಯನ್ನೂ ಒಗೆದು ಮಡಚಬೇಕು. ಅವಳು ಮಡಚಿದಳು, ಗುರುವಾರ ಬಟ್ಟೆಯ ದಿನ.

ಅಡುಗೆ ಮಾತ್ರ ನಿಂತಿತು. ಮೊರೀನ್ ಕಾಲೇಜಿನಲ್ಲೇ ಉಂಡು ಬಂದು, ಮನೆಯಲ್ಲಿ ಒಂದು ಲೋಟ ಚಹಾ ಕುಡಿದು ಏಳುತ್ತಿದ್ದಳು. ಲೆನ್ ಡಬ್ಬಿ ಸೂಪು ಬಿಸಿ ಮಾಡುವುದನ್ನು ಕಲಿತ. ತಳ ಹತ್ತಿಸುವುದನ್ನೂ ಕಲಿತ. ಈಸ್ಟರಿಗೆ ಬಾಬಾ ಬುಟ್ಟಿಯಲ್ಲಿ ಹಂದಿಮಾಂಸ, ಬೀಟ್‌ರೂಟ್ ಬೆರೆಸಿದ ಖಾರ ಗೆಡ್ಡೆ, ಬೆಣ್ಣೆ ಮುದ್ದೆಯಲ್ಲಿ ಕೆತ್ತಿದ ಪುಟ್ಟ ಕುರಿಮರಿ ಬೊಂಬೆ ಎಲ್ಲ ಜೋಡಿಸಿ ಪಾದ್ರಿಯಿಂದ ಆಶೀರ್ವಾದ ಮಾಡಿಸಿ ತ‍ಂದಳು. ಮೊರೀನ್ ಅವತ್ತು ಊರಿಗೆ ಹೋಗದೆ ಉಳಿದ ಹುಡುಗರಿಗೆ ಬಡಿಸುವ ಪಾಳಿಯನ್ನು ಕೇಳಿ ಹಾಕಿಸಿಕೊಂಡಿದ್ದಳು. ಬಾಬಾ ಅವಳ ಪಾಲನ್ನು ತಟ್ಟೆಯಲ್ಲಿ ಮುಚ್ಚಿಟ್ಟಳು. ಮೂರನೇ ದಿನ ಬಾಬಾಳೇ ಅದನ್ನು ಎತ್ತಿ ಎಸೆದಳು.

"ಎಷ್ಟು ದಿನ ಹೀಗೆ?" ಎಂದು ಲೆನ್ ಒಮ್ಮೆ ಕೇಳಿದ.

"ನೀವು ಎಷ್ಟು ದಿನ ಮಾಡಿದ್ರಿ?"

ಏಪ್ರಿಲ್ ಮೂವತ್ತರಂದು ಕಾಲೇಜಿನ ಆಫೀಸಿನ ಬೆವರ್ಲಿ ಊಟದ ಮನೆಯ ಸಾಲಿನಲ್ಲಿ ತಟ್ಟೆ ಹಿಡಿದು ಬಂದು, ಕಣ್ಣು ಮಿಟುಕಿಸಿದಳು. "ನಿನ್ನೆ ನಿನ್ನ ಮಗಳ ಸೀಟು ಖಾತ್ರಿಯಾಯ್ತು. ಗಂಡ ಬಂದು ಮುಂಗಡ ಕಟ್ಟಿ ಹೋದ. ಆಗಸ್ಟಿನಲ್ಲಿ ಪಾರ್ಟಿ ಕೊಡ್ಬೇಕು ನೀನು!"

ಮೊರೀನಳ ಕೈಯಿಂದ ಸೌಟು ಜಾರಿ ಸಾರಿನೊಳಗೆ ಬಿತ್ತು.

ಆ ಮಧ್ಯಾಹ್ನ ಅವಳು ಗುಡ್ಡ ಇಳಿದದ್ದು ಇಪ್ಪತ್ತು ವರ್ಷದ ಹುಡುಗಿಯ ಹಾಗೆ. ಮಗಳ ಮನಸ್ಸು ಬದಲಾಗಿದೆ. ಹೇಳಲು ಸಂಕೋಚ, ಅದಕ್ಕೇ ಅಪ್ಪನನ್ನು ಕಳಿಸಿದ್ದಾಳೆ. ಕಟುಕನ ಅಂಗಡಿಗೆ ಹೋಗಿ ಒಳ್ಳೇ ಮಾಂಸದ ತುಂಡುಗಳನ್ನು ಕೊಂಡಳು. ಆಲೂಗಡ್ಡೆ ಬೇಯಿಸಿ ಹಾಲು ಹಾಕಿ ಕಿವುಚಿದಳು, ಸೇಬಿನ ಗೊಜ್ಜು ಮಾಡಿದಳು. ಎರಡೂವರೆ ವಾರದ ಮೇಲೆ ಒಲೆಯ ಮೇಲೆ ಬಾಣಲೆ ಚುರುಗುಟ್ಟುವುದನ್ನು ಕೇಳಿ ಬಾಬಾ ಕೋಣೆಯಿಂದ ಇಣುಕಿ, ಸದ್ದಿಲ್ಲದೆ ತಟ್ಟೆಗಳನ್ನು ಇಟ್ಟಳು. ಮಗಳ ತಟ್ಟೆಗೆ ಮೊರೀನ್ ದೊಡ್ಡ ತುಂಡನ್ನೇ ಹಾಕಿದಳು.

"ಬೆವರ್ಲಿ ಹೇಳಿದ್ಲು," ಎಂದಳು. "ಓಡೀಲಿಯಾ ಸೀಟು ಹಿಡಿದಿದ್ದೀರಂತೆ."

ಡಾರಿಯಾ ಮುಳ್ಳುಚಮಚ ಕೆಳಗಿಟ್ಟಳು.

"ಅದು..." ಎಂದ ಲೆನ್. "ಸುಮ್ನೆ ಒಂದು ಇರ್ಲಿ ಅಂತ ಕಟ್ಟಿದ್ದು. ಪಿಟ್ಸ್‌ಬರ್ಗಿಗೂ ಕಟ್ಟಿಯಾಗಿದೆ. ಅಲ್ಲಿಗೇ ಹೋಗೋದು. ಆದ್ರೆ ಹೊರಡೋ ಮುಂಚೆ ಮನಸ್ಸು ಬದಲಾದ್ರೆ? ಹೋಗಿ ಹಿಡಿಸ್ದೆ, ಕ್ರಿಸ್ಮಸ್ಸಿಗೆ ವಾಪಸ್ ಬಂದ್ರೆ? ಪುಕ್ಕಟೆ ಸೀಟು ಯಾಕೆ ಬಿಡ್ಬೇಕು? ನೀನಂತೂ ಅಲ್ಲೇ ಇರ್ತೀಯಲ್ಲ."

"ನಾನೇ ಹೇಳಿದ್ದು," ಎಂದಳು ಬಾಬಾ. "ಎರಡು ಕಡೆ ಕಾಲಿಟ್ಕೊಂಡಿರೋದು ಒಳ್ಳೇದು ಅಂತ."

ಮೊರೀನ್ ಸೇಬಿನ ಗೊಜ್ಜಿನ ಬಟ್ಟಲನ್ನು ಕೈಯಲ್ಲಿ ಹಿಡಿದೇ ಇದ್ದಳು. ಮೊದಲನೆಯ ಸಲ ಅವರು ಅವಳ ಬೆನ್ನ ಹಿಂದೆ ಮಾಡಿದರು. ಹೆದರಿದ್ದರು ಎಂದಾದರೂ ಹೇಳಿಕೊಳ್ಳಬಹುದಿತ್ತು. ಈ ಸಲ ಹೆದರಿಕೆಯೂ ಇರಲಿಲ್ಲ. ನೀನಂತೂ ಅಲ್ಲೇ ಇರ್ತೀಯಲ್ಲ. ಅಂಗಳದ ನಲ್ಲಿಯ ಬಗ್ಗೆ ಹೇಳುವ ಹಾಗೆ ಹೇಳಿದ್ದ ಗಂಡ.  ಬಟ್ಟಲನ್ನು ಬಾಬಾಳ ಮುಂದಿಟ್ಟು, ತನ್ನ ತಟ್ಟೆಯ ಊಟವನ್ನು ಪೂರ್ತಿ ಉಂಡಳು. ಮಾಂಸ ಚೆನ್ನಾಗಿ ಬೆಂದಿತ್ತು.

ಮರುದಿನ ತಿಂಡಿಯ ಗಲಾಟೆ ಮುಗಿದ ಮೇಲೆ ಅವಳು ಆಫೀಸಿಗೆ ಹೋಗಿ, ಕೆಲಸ ಬಿಡುತ್ತೇನೆಂದು ಬರೆದ ಒಂದು ಕಾಗದ ಕೊಟ್ಟಳು. ಬೆವರ್ಲಿ ಓದಿ, ಕನ್ನಡಕ ತೆಗೆದಳು. "ಹುಚ್ಚು ಹಿಡಿದಿದ್ಯಾ ನಿನಗೆ? ಇನ್ನು ಹದಿನೈದು ವಾರ! ಕಣ್ಣು ಮುಚ್ಚಿ ಬಿಡೋದ್ರೊಳಗೆ ಹೋಗತ್ತೆ."

"ಹೋಗತ್ತೆ. ಗೊತ್ತು."

"ಮಗಳ ಅರ್ಜಿ?"

"ವಾಪಸ್ ಕೊಡು."

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ, ಕಾಲೇಜು ಮುಗಿಯುವ ವಾರದ ಮರು ಸೋಮವಾರಕ್ಕೆ ಆಪರೇಷನ್ನಿನ ದಿನ ಗೊತ್ತುಮಾಡಿಕೊಂಡಳು. ಆಸ್ಪತ್ರೆಯ ಅಡುಗೆಮನೆಗೂ ಫೋನ್ ಮಾಡಿದಳು. ಆ ಮೇಲ್ವಿಚಾರಕಿಯ ಕೆಲಸ ಎಂದೋ ತುಂಬಿತ್ತು. ಜುಲೈಯಲ್ಲಿ ಬೇರೇನಾದರೂ ಇದ್ದರೆ ತಿಳಿಸುತ್ತೇವೆ ಎಂದರು.

ಸಂಜೆ ಮೂವರೂ ಮೇಜಿಗೆ ಬಂದು ಕೂತಾಗ ಹೇಳಿದಳು. ಹೇಳಲು ಎರಡು ವಾಕ್ಯ ಸಾಕಾಯಿತು.

ಲೆನ್ ಎದ್ದು ನಿಂತ. "ಹದಿನೈದು ವಾರ ಇತ್ತು ಮೊರೀನ್! ಹತ್ತು ತುಂಬ್ತಿತ್ತು!"

"ತುಂಬಿ ಯಾರಿಗೆ?"

"ನಮಗೆ! ಮನೆಗೆ! ಒಂದು ಮಾತು ಕೇಳ್ಬಾರ್ದಾ ನಮ್ಮನ್ನ?"

ಈ ಮಾತು ಬಾಯಿಂದ ಬಿದ್ದ ಮೇಲೆ ಅವನಿಗೇ ಕೇಳಿಸಿತು. ಕೂತುಕೊಂಡ.

"ಒಂಬತ್ತೂ ಮುಕ್ಕಾಲು ವರ್ಷ ನೀರಿಗೆ ಹಾಕಿದೆಯಲ್ಲೇ," ಎಂದಳು ಬಾಬಾ.

"ಹಾಕಿದ್ದು ನಾನಲ್ಲ ಬಾಬಾ. ನಾನು ಈಗ ನೋಡಿದೆ, ಅಷ್ಟೆ."

ಡಾರಿಯಾಳ ಮುಖ ಬಿಳಿಚಿಕೊಂಡಿತ್ತು. "ಅಮ್ಮ, ನನಗೆ ಅಲ್ಲಿ ಆಗ್ದೇ ಹೋದ್ರೆ? ನಿಜವಾಗ್ಲೂ ಆಗ್ದೇ ಹೋದ್ರೆ ನಾನೆಲ್ಲಿಗೆ ಬರ್ಲಿ?"

"ಮನೆ ಇಲ್ಲೇ ಇರತ್ತೆ. ಗುಡ್ಡದ ಮೇಲಿಂದು ಇರಲ್ಲ."

ಹುಡುಗಿ ಕುರ್ಚಿ ಹಿಂದೆ ತಳ್ಳಿ, ಮೇಜು ಸುತ್ತಿಕೊಂಡು ಬಂದು ಅಮ್ಮನ ಹೊಟ್ಟೆಗೆ ತಲೆ ಒತ್ತಿ ಅಳತೊಡಗಿದಳು. ಮೊರೀನಳ ಎಡಗೈ ಅಭ್ಯಾಸದಂತೆ ಮೇಲೆದ್ದಿತು. ಮಗಳ ಕೂದಲಿಗೆ ನಾಲ್ಕು ಬೆರಳು ಮೇಲೆ ನಿಂತುಬಿಟ್ಟಿತು.

"ಡಾರಿಯಾ," ಎಂದಳು ಮೆಲ್ಲಗೆ, "ಇದು ಯಾವ ಅಳು?"

ಹುಡುಗಿ ತಲೆ ಎತ್ತಲಿಲ್ಲ.

"ಸಿಟ್ಟಿಗೆ ಕೇಳ್ತಿಲ್ಲ ಕಣೆ. ನೀನು ಹುಟ್ಟಿದಾಗಿನಿಂದ ನನಗೆ ಗೊತ್ತಾಗ್ತಿತ್ತು. ಪಕ್ಕದ ಕೋಣೇಲಿದ್ರೂ ಹೇಳ್ತಿದ್ದೆ, ಇದು ಹಸಿವಿಂದು, ಇದು ನಿದ್ದೇದು, ಇದು ಹಠದ್ದು ಅಂತ. ಒಂದು ಸಲಾನೂ ತಪ್ಪಿರ್ಲಿಲ್ಲ."

ಡಾರಿಯಾ ಇನ್ನೂ ಜೋರಾಗಿ ಅತ್ತಳು. ಮೊರೀನ್ ಉಸಿರು ಬಿಗಿಹಿಡಿದು ಕಿವಿಗೊಟ್ಟು ಕೇಳಿದಳು. ಬಹಳ ಹೊತ್ತು ಕೇಳಿದಳು. ಅವಳಿಗೆ ತಿಳಿಯಲಿಲ್ಲ.